ಒಂದು ಮುಖಕ್ಕೆ, ಒಂದೇ ಸಲ

ನಾನು ಒಂದು ಗಿಫ್ಟ್ ವೋಚರ್. ಕೈಯಲ್ಲಿ ಹಿಡಿಯುವ ಚೀಟಿಯಲ್ಲ, ಮೊಬೈಲಿನ ಗಾಜಿನ ಹಿಂದೆ ಬದುಕುವ ಚಿತ್ರ. ನೀವು ಪುಣ್ಯವಂತರು, ಹುಟ್ಟುವಾಗ ನಿಮಗೆ ಸಾಯುವ ದಿನ ಗೊತ್ತಿರುವುದಿಲ್ಲ. ನನ್ನ ಪಾದದ ಬಳಿ ಅದನ್ನು ಸಣ್ಣ ಅಕ್ಷರದಲ್ಲಿ ಬರೆದೇ ಹುಟ್ಟಿಸಿದರು: ಜನವರಿ ಮೂವತ್ತೊಂದರವರೆಗೆ ಮಾತ್ರ. ಅದರ ಮೇಲೆ ಇನ್ನೊಂದು ಸಾಲು: ಒಂದು ಮುಖಕ್ಕೆ, ಒಂದೇ ಸಲ. ಇಷ್ಟೇ ನನ್ನ ಆಯುಷ್ಯ, ಇಷ್ಟೇ ನನ್ನ ಕೆಲಸ. ಹೀಗಿರುವಾಗ ನನಗೆ ಗಾಬರಿಯಾಗದೆ ಇನ್ನೇನಾದೀತು, ನೀವೇ ಹೇಳಿ.

ನನ್ನನ್ನು ಮಾಡಿದವಳು ಸುವರ್ಣಾ. ಗದಗ-ಬೆಟಗೇರಿಯಲ್ಲಿ ಒಂದು ಟೇಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳ ಬ್ಯೂಟಿ ಪಾರ್ಲರ್. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಹುಬ್ಬು ತಿದ್ದುವುದರಲ್ಲಿ ಅವಳ ಕೈ ಬಹಳ ಹಗುರ ಎಂದು ಓಣಿಯ ಹೆಂಗಸರು ಹೇಳುತ್ತಿದ್ದರು. ಆದರೆ ಬಸ್ ಸ್ಟ್ಯಾಂಡಿನ ಹತ್ತಿರ ಏಸಿ ಹಾಕಿದ ಹೊಸ ಪಾರ್ಲರ್ ಬಂದ ಮೇಲೆ ಆ ಹೆಂಗಸರೇ ಅತ್ತ ಹೋಗತೊಡಗಿದ್ದರು. ಬೆಂಚು ಖಾಲಿ ಬೀಳುತ್ತಿತ್ತು. ಆಗ ಯಾರೋ ಅವಳ ತಲೆಗೆ ಹಾಕಿದರು: ಪಂಚಮಿ ಹಬ್ಬ ಬಂತು, ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ಉಡುಗೊರೆ ಕೊಡುವ ಕಾಲ, ಆನ್‌ಲೈನಿನಲ್ಲಿ ವೋಚರ್ ಮಾರಿ ನೋಡು ಎಂದು.

ಅವಳು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತಳು. ಒಂದೊಂದು ಬಟನ್ ಒತ್ತುವ ಮುಂಚೆಯೂ ಕಣ್ಣು ಮುಚ್ಚುತ್ತಿದ್ದಳು, ಒತ್ತಿದರೆ ಮನೆಯ ಕರೆಂಟೇ ಹೋಗಿಬಿಡುತ್ತದೇನೋ ಅನ್ನುವವಳ ಹಾಗೆ. ನನಗೆ ಚಿನ್ನದ ಬಣ್ಣದ ಅಂಚು ಹಾಕಿದಳು, ಮೂಲೆಗೆ ಒಂದು ಕಮಲ. ಎದೆಯ ಮೇಲೆ ಒಂದು ನಂಬರ್ ಕೂರಿಸಿದಳು. ಪಡೆಯುವವರ ಹೆಸರಿಗೆ ಜಾಗ ಬೇಕೇ ಎಂದು ಫೋನು ಕೇಳಿತು. ಬೇಡ ಎಂದು ಒತ್ತಿದಳು. ಕೊಳ್ಳುವವರು ಮೊದಲು ಕೊಳ್ಳಲಿ, ಯಾರಿಗೆ ಕೊಡಬೇಕೆಂದು ಆಮೇಲೆ ಯೋಚಿಸಲಿ ಎಂದು ಅವಳ ಎಣಿಕೆ. ಅಂದರೆ ಈ ನಂಬರ್ ತೋರಿಸಿದವರು ಯಾರೇ ಆಗಲಿ, ಅವರ ಮುಖಕ್ಕೆ ಒಂದು ಫೇಶಿಯಲ್. ಇದು ಎಡವಟ್ಟಾದೀತು ಎಂದು ನನಗೆ ಆಗಲೇ ಅನ್ನಿಸಿತು. ಆದರೆ ಹೇಳಲು ನನಗೆ ಬಾಯಿ ಎಲ್ಲಿದೆ?

ಕೆಳಗಿನ ಟೇಲರ್ ಹೆಂಗಸಿಗೆ ನನ್ನನ್ನು ತೋರಿಸುತ್ತ ಸುವರ್ಣಾ ಅಂದಳು, “ಚಂದ ಆಗೇತಿ ಖರೆ. ಆದ್ರ ಒಬ್ಬಾಕಿ, ‘ಸುವರ್ಣಾ ರೊಕ್ಕ ಇಸ್ಕೊಂಡು ಮಾರಿ ತೊಳೀಲಿಲ್ಲ’ ಅಂದ್ರ ಸಾಕು, ನನ್ನ ಹೆಸರು ಹೋತು. ಹೆಸರು ಹೋದ್ರ ಅಂಗಡಿ ಮುಚ್ಚೂದ.”

ಅವಳ ಆ ಹೆದರಿಕೆಯನ್ನು ನಾನು ಹುಟ್ಟುತ್ತಲೇ ಪಡೆದುಕೊಂಡೆ. ನಾನು ಒಂದು ಮುಖವನ್ನು ತಲುಪಬೇಕು, ಅದೂ ಗಲಾಟೆಯಿಲ್ಲದೆ. ಇಲ್ಲದಿದ್ದರೆ ಈ ಹೆಣ್ಣುಮಗಳ ಅಂಗಡಿಗೆ ನಾನೇ ಕಂಟಕ.

ನನ್ನನ್ನು ಕೊಂಡವನು ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ ವೀರೇಶ. ಗದಗಿನಲ್ಲಿದ್ದ ತಂಗಿ ಶಶಿಕಲಾಳನ್ನು ಪ್ರತಿ ಪಂಚಮಿಗೂ ಹೋಗಿ ತವರಿಗೆ ಕರೆತರುತ್ತಿದ್ದವನಿಗೆ ಆ ವರ್ಷ ಅಂಗಡಿ ಬಿಟ್ಟು ಬರಲಾಗಲಿಲ್ಲ. ಗಿರಾಕಿಗೆ ಮೊಳೆ ತೂಗಿಕೊಡುತ್ತಲೇ ಫೋನಿನಲ್ಲಿ ನನ್ನನ್ನು ಕೊಂಡ, ತಂಗಿಯ ನಂಬರ್ ಹಾಕಿದ, ಕಳಿಸಿದ. ಸೀರೆ ಆರಿಸುವ ತಾಪತ್ರಯ ತಪ್ಪಿತೆಂದು ಅವನ ಮುಖದ ಮೇಲೆ ನೆಮ್ಮದಿ ಕಂಡಿತು.

ನಾನು ಹೋಗಿ ಬಿದ್ದದ್ದು ಶಶಿಕಲಾಳ ಫೋನಿನಲ್ಲಿ, ಗುಡ್ ಮಾರ್ನಿಂಗ್ ಗುಲಾಬಿಗಳ ಮತ್ತು ಗ್ಯಾಸ್ ಸಿಲಿಂಡರ್ ಬುಕ್ ಆದ ಸಂದೇಶದ ನಡುವೆ. ತೆರೆದಳು, ಓದಿದಳು. ಅವಳ ಕಣ್ಣು ತುಂಬಿಬಂದವು. ಆಹಾ, ಎಂಥ ಸಂತೋಷ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು. ಅವಳು ಪಕ್ಕದಲ್ಲಿದ್ದ ನೆಗೆಣ್ಣಿ ಉಮಾಳಿಗೆ ಫೋನು ತೋರಿಸಿ ಅಂದಳು, “ಕರಿಯಾಕಂತೂ ಬರಲಿಲ್ಲ. ಮ್ಯಾಲೆ, ನಿನ್ನ ಮಾರಿ ಚಂದಿಲ್ಲ, ತೊಳಕೋ ಅಂತ ಇದನ್ನ ಕಳಿಸ್ಯಾನ ನೋಡ.”

ಅಯ್ಯೋ ಶಿವನೇ, ನಾನು ಹಾಗಂದೆನೇ? ನನ್ನ ಮೈಮೇಲೆ ಬರೆದದ್ದು ‘ಪ್ರೀತಿಯಿಂದ ನಿಮಗಾಗಿ’ ಎಂದು. ಅದನ್ನು ಅವಳು ಓದಲೇ ಇಲ್ಲ. ಫೋನು ಮಗುಚಿಟ್ಟು ಅಡುಗೆಮನೆಗೆ ಹೋದಳು.

ಆ ಮನೆಯಲ್ಲಿ ಕೆಳಗೆ ಶಶಿಕಲಾಳ ಸಂಸಾರ, ಮೇಲೆ ಉಮಾಳದು, ಅಡುಗೆಮನೆ ಮಾತ್ರ ಒಂದೇ. ದಿನಾ ಬೆಳಿಗ್ಗೆ ಫಕೀರವ್ವ ಬಂದು ಜೋಳದ ರೊಟ್ಟಿ ಬಡಿದುಕೊಟ್ಟು ಹೋಗುತ್ತಿದ್ದಳು. ಗ್ಯಾಸಿನ ಒಲೆಯನ್ನು ನೆಲಕ್ಕಿಳಿಸಿಕೊಂಡು, ಚಕ್ಕಂಬಕ್ಕಳ ಹಾಕಿ ಕುಳಿತರೆ ಕೊನೆಯ ರೊಟ್ಟಿಯವರೆಗೂ ತಲೆ ಎತ್ತುತ್ತಿರಲಿಲ್ಲ. ಯಾರು ಒಳಗೆ ಬಂದರೂ ಅವಳಿಗೆ ಗೊತ್ತಾಗುತ್ತಿತ್ತು. ಉಮಕ್ಕಾರ ಈಟು ಹಿಟ್ಟು ಕೊಡ್ರಿ, ಶಶಕ್ಕಾರ ಹಂಚು ಒರಸಾಕ ಅರಿವಿ ಕೊಡ್ರಿ ಎಂದು ಕೆಳಗೆ ನೋಡುತ್ತಲೇ ಅನ್ನುವಳು. ನೆಲದ ಮೇಲೆ ಕೂತವಳಿಗೆ ಮನೆಮಂದಿಯೆಲ್ಲ ಕಾಲುಗಳಿಂದಲೇ ಪರಿಚಯ ಎಂದು ಉಮಾ ನಗುತ್ತಿದ್ದಳು. ಕಟ್ಟೆಯ ಮೇಲಿನ ಫೋನಿನೊಳಗಿಂದ ನಾನೂ ಇದನ್ನೆಲ್ಲ ಕೇಳಿಸಿಕೊಂಡಿರುತ್ತಿದ್ದೆ.

ದಸರೆ ಬಂತು. ಶಶಿಕಲಾಳ ಕಪಾಟಿನಲ್ಲಿ ಕುಪ್ಪಸದ ಖಣಗಳ ಒಂದು ಗಂಟೇ ಇತ್ತು. ಉಡಿ ತುಂಬಿಸಿಕೊಂಡಾಗ ಬಂದದ್ದು, ಮತ್ತೊಬ್ಬರ ಉಡಿ ತುಂಬುವಾಗ ಹೊರಡುವುದು. ಒಂದನ್ನೂ ಯಾರೂ ಹೊಲಿಸಿಕೊಂಡವರಿಲ್ಲ. ನನಗೂ ಅದೇ ಗತಿ ಬಂತು. ಉಮಾಳ ಹುಟ್ಟುಹಬ್ಬಕ್ಕೆ ಶಶಿಕಲಾ ನನ್ನನ್ನು ಅವಳ ಫೋನಿಗೆ ದಾಟಿಸಿದಳು.

ಆಗ ಶುರುವಾಯಿತು ನೋಡಿ ನನ್ನ ನಿಜವಾದ ಸಂಕಟ. ಖಣ ಕೊಟ್ಟರೆ ಕೊಟ್ಟವರ ಕೈ ಖಾಲಿಯಾಗುತ್ತದೆ. ನನ್ನನ್ನು ಕೊಟ್ಟರೆ ಆಗುವುದಿಲ್ಲ. ಉಮಾಳ ಫೋನಿಗೆ ಹೋದೆ, ಶಶಿಕಲಾಳ ಫೋನಿನಲ್ಲೂ ಉಳಿದೆ. ಅದೇ ಚಿನ್ನದ ಅಂಚು, ಅದೇ ಕಮಲ, ಎದೆಯ ಮೇಲೆ ಅದೇ ನಂಬರ್. ಇಬ್ಬರ ಕೈಯಲ್ಲೂ ನಾನಿದ್ದೇನೆ, ನನ್ನೊಳಗೆ ಇರುವುದು ಮಾತ್ರ ಒಂದೇ ಮುಖ. ಇದು ಅವರಿಬ್ಬರ ಗಮನಕ್ಕೂ ಬರಲಿಲ್ಲ. ಸುವರ್ಣಾಳ ಮಾತು ನನಗೆ ನೆನಪಾಯಿತು.

ಉಮಾ ಕೂಡ ಹೋಗಲಿಲ್ಲ. ಹೋಗಬೇಕು, ಹೋಗಬೇಕು ಅನ್ನುತ್ತಲೇ ದೀಪಾವಳಿ ಹೋಯಿತು, ಸಂಕ್ರಮಣ ಬಂತು. ಒಂದು ಬೆಳಿಗ್ಗೆ ಫಕೀರವ್ವ ಹಿಟ್ಟು ನಾದುತ್ತ ತನ್ನ ಮಗಳು ಕಲಾವತಿಯ ನಿಶ್ಚಯ ಗಟ್ಟಿಯಾಯಿತೆಂದೂ, ಫೆಬ್ರವರಿ ಒಂದಕ್ಕೆ ಬೀಗರು ಬರುತ್ತಾರೆಂದೂ ಹೇಳಿದಳು. ಹಿಟ್ಟಿನ ಉಂಡೆ ಕಟ್ಟುತ್ತ ಮತ್ತೆ ಅಂದಳು, “ಹಂಚಿನ ಮುಂದ ಕುಂತು ಕುಂತು ನನ್ನ ಮಾರೀನೂ ಹಂಚ ಆಗೇತ್ರಿ. ನೋಡಾಕ ಬಂದಾಗ ಫೋಟೋ ತಗದ್ರು, ನಾ ಮಾರಿ ಆಕಡೆ ಮಾಡಿದ್ನಿ. ಮಗಳ ಬಾಜೂಕ ನಿಂದ್ರಾಕ ನಾಚಿಕಿ ಬರ್ತೈತ್ರಿ.”

ಉಮಾ ಒಳ್ಳೆಯ ಹೆಂಗಸು, ಸ್ವಲ್ಪ ಜಿಪುಣಿ. ನಿಶ್ಚಯಕ್ಕೆ ಏನಾದರೂ ಕೊಡಬೇಕಲ್ಲ ಎಂದು ಯೋಚಿಸುತ್ತಿದ್ದವಳಿಗೆ ನಾನು ನೆನಪಾದೆ. ಅಲ್ಲಿಯೇ ಫಕೀರವ್ವನ ಫೋನಿಗೆ ಕಳಿಸಿಬಿಟ್ಟಳು. ಫಕೀರವ್ವ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನನ್ನು ಬಹಳ ಹೊತ್ತು ನೋಡಿದಳು. ಆರು ತಿಂಗಳಲ್ಲಿ ನನ್ನನ್ನು ಪೂರ್ತಿ ಓದಿದವಳು ಅವಳೊಬ್ಬಳೇ. ‘ಪ್ರೀತಿಯಿಂದ’ ಅನ್ನುವುದನ್ನೂ ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ನನಗೆ ಈ ಮುಖವೇ ಬೇಕು ಎಂದು ಆಗ ನಿರ್ಧಾರವಾಯಿತು. ನಿಶ್ಚಯದ ಹಿಂದಿನ ದಿನ ಮಾಡಿಸಿಕೊಂಡರೆ ಹೊಳಪು ಉಳಿಯುತ್ತದೆ ಎಂದು ಉಮಾ ಹೇಳಿಕೊಟ್ಟಳು. ಹಿಂದಿನ ದಿನ ಎಂದರೆ ಜನವರಿ ಮೂವತ್ತೊಂದು, ನನ್ನ ಕೊನೆಯ ದಿನ. ಬೇಗ ಹೋಗು ತಾಯಿ, ನಾಳೆಯೇ ಹೋಗು ಎಂದು ನಾನು ಒಳಗೊಳಗೇ ಬಡಕೊಂಡೆ. ಯಾರಿಗೆ ಕೇಳಬೇಕು?

ಆ ದಿನ ಬಂದೇ ಬಂತು. ಬೆಳಿಗ್ಗೆ ಶಶಿಕಲಾಳ ಫೋನಿಗೆ ಪಾರ್ಲರಿನ ಸಂದೇಶ ಬಿತ್ತು: ನಿಮ್ಮ ವೋಚರಿಗೆ ಇಂದೇ ಕೊನೆ. ವೀರೇಶ ಅವಳ ನಂಬರನ್ನೇ ಕೊಟ್ಟಿದ್ದನಲ್ಲ. ನಾನು ಫಕೀರವ್ವನಿಗೆ ದಾಟಿದ್ದು ಗೊತ್ತಿರದ ಅವಳು ಯೋಚಿಸಿದಳು. ಉಮಾಳ ಮುಖವನ್ನು ದಿನಾ ನೋಡುತ್ತಿದ್ದೇನೆ, ಅವಳಂತೂ ಹೋಗಿಲ್ಲ, ಇನ್ನು ಹೋಗುವವಳೂ ಅಲ್ಲ. ಅಣ್ಣ ಕೊಟ್ಟದ್ದು, ಸುಮ್ಮನೆ ಹಾಳಾಗಿ ಹೋಗುತ್ತದಲ್ಲ. ಅಣ್ಣನ ಮೇಲಿನ ಸಿಟ್ಟು ಅಷ್ಟು ಹೊತ್ತಿಗೆ ಇಳಿದಿತ್ತು. ಉಮಾಳಿಗೆ ಹೇಳದೆ, ಪೇಟೆಗೆ ಹೋಗಿ ಬರುತ್ತೇನೆಂದು ಮಧ್ಯಾಹ್ನ ಹೊರಟಳು. ಬೇಡ, ಬೇಡ ಎಂದು ನಾನು ಅವಳ ಪರ್ಸಿನೊಳಗೆ ಕಿರುಚಿಕೊಂಡೆ. ನನ್ನ ಕಿರುಚಾಟಕ್ಕೆ ಅವಳ ಫೋನಿನ ಒಂದು ದೀಪವೂ ಮಿನುಗಲಿಲ್ಲ.

ಸುವರ್ಣಾ ನಂಬರ್ ನೋಡಿದಳು, ‘ಉಪಯೋಗವಾಯಿತು’ ಎಂಬಲ್ಲಿ ಒತ್ತಿದಳು. ನನ್ನ ಚಿನ್ನದ ಅಂಚು ಬೂದಿ ಬಣ್ಣಕ್ಕೆ ತಿರುಗಿತು. ಸಾಯುವುದೆಂದರೆ ಇಷ್ಟೇನಾ ಎನ್ನಿಸಿತು. ಶಶಿಕಲಾಳ ಮುಖ ತೊಳೆದು, ತಿಕ್ಕಿ, ಕಡೆಗೆ ಹಸಿರು ಪ್ಯಾಕ್ ಬಳಿದು, ಕಣ್ಣಿನ ಮೇಲೆ ಹತ್ತಿ ಇಟ್ಟು, ಮಾತಾಡಬೇಡಿ, ನಗಬೇಡಿ, ಪ್ಯಾಕ್ ಸೀಳುತ್ತದೆ ಎಂದು ಸುವರ್ಣಾ ಎಚ್ಚರಿಸಿದಳು. ಬೆಂಚಿನ ಮೇಲೆ ಇನ್ನಿಬ್ಬರು ಹೆಂಗಸರು ಕಾಯುತ್ತಿದ್ದರು. ಬಹಳ ದಿನಗಳ ಮೇಲೆ ಬೆಂಚು ತುಂಬಿತ್ತು.

ಅದೇ ಹೊತ್ತಿಗೆ ಇನ್ನೊಂದು ಫೋನಿನಲ್ಲಿ ನಾನು ಮೆಟ್ಟಿಲು ಹತ್ತುತ್ತಿದ್ದೆ.

ಫಕೀರವ್ವ ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಫೋನನ್ನು ಎರಡೂ ಅಂಗೈ ಮೇಲೆ ಪ್ರಸಾದದ ತಟ್ಟೆಯ ಹಾಗೆ ಹಿಡಿದು ಒಳಗೆ ಬಂದಳು. ಬೆರಳು ತಾಗಿದರೆ ಚಿತ್ರ ಹೋಗಿಬಿಟ್ಟೀತೆಂದು ಅವಳಿಗೆ ಭಯ. ಸುವರ್ಣಾ ನಂಬರ್ ಒತ್ತಿದಳು. ಕೆಂಪು ಅಕ್ಷರ ಬಂತು: ಉಪಯೋಗವಾಗಿದೆ. ಮತ್ತೊಮ್ಮೆ ಒತ್ತಿದಳು, ಮತ್ತೂ ಅದೇ. ಸುವರ್ಣಾ ಕುರ್ಚಿಯ ಕಡೆ ನೋಡಿದಳು, ಫೋನಿನ ಕಡೆ ನೋಡಿದಳು. ಇದು ಆಗಲೇ ಬಳಕೆಯಾಗಿದೆ ಎಂದು ಮೆಲ್ಲಗೆ ಹೇಳಿದಳು. ಮೆಲ್ಲಗೆ ಹೇಳಿದರೇನು, ಅಷ್ಟು ಸಣ್ಣ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.

ಫಕೀರವ್ವ ತಲೆ ತಗ್ಗಿಸಿ ನಿಂತಳು. “ನಾ ಕದ್ದಿಲ್ರಿ ಅಕ್ಕಾರ. ನಾ ರೊಟ್ಟಿ ಬಡಿಯೋ ಮನಿ ಉಮಕ್ಕಾರು ತಾವ ಕಳಿಸ್ಯಾರ. ನಾಳೆ ಮಗಳ ನಿಶ್ಚಯ ಐತಿ ಅಂತ ಬಂದ್ನಿ.”

ಕುರ್ಚಿಯ ತೋಳಿನ ಮೇಲಿದ್ದ ಶಶಿಕಲಾಳ ಬೆರಳುಗಳು ಬಿಗಿಯಾದವು. ಹತ್ತಿಯ ಕೆಳಗೆ ಕಣ್ಣು ತೆರೆದಿದ್ದಳೋ ಮುಚ್ಚಿದ್ದಳೋ, ಕಿವಿಯಂತೂ ತೆರೆದಿತ್ತು. ಬೆಂಚಿನ ಹೆಂಗಸೊಬ್ಬಳು ಪಕ್ಕದವಳಿಗೆ, ನಾನೂ ಒಂದು ತಗೋಬೇಕಂತಿದ್ದೆ, ಬೇಡ ಬಿಡು ಎಂದು ಪಿಸುಗುಟ್ಟಿದಳು. ಹೋಯಿತು, ಸುವರ್ಣಾಳ ಹೆಸರು ಹೋಗುತ್ತಿರುವುದು ನನ್ನ ಕಣ್ಣಿಗೆ ಕಾಣುತ್ತಿತ್ತು. ಒಂದು ಬೆರಳು ತೋರಿಸಿ, ನೋಡಿ, ಇವರು ಉಪಯೋಗಿಸಿದರು ಎಂದಿದ್ದರೆ ಅವಳು ಪಾರಾಗುತ್ತಿದ್ದಳು. ಕುರ್ಚಿಯಲ್ಲಿದ್ದವಳ ಮಾನ ಮಾತ್ರ ಹೋಗುತ್ತಿತ್ತು. ಸುವರ್ಣಾಳ ಕೈ ಅರ್ಧ ಎದ್ದದ್ದನ್ನು ನಾನು ನೋಡಿದೆ. ಅದು ಹಾಗೇ ಕೆಳಗಿಳಿಯಿತು.

“ತಪ್ಪು ನಂದ ಐತ್ರಿ ಅಕ್ಕಾರ,” ಅಂದಳು. “ಹೆಸರು ಬರಿಯೋ ಜಾಗ ನಾನ ಇಟ್ಟಿಲ್ಲ. ಕೂಡ್ರಿ, ನಿಮಗ ಮಾಡಿಕೊಡ್ತೀನಿ.”

ಪುಕ್ಕಟೆ ಬೇಡ ಎಂದಳು ಫಕೀರವ್ವ. ಇರಲಿ ಬಿಡ್ರಿ, ನನ್ನ ಮಾರಿಗೆ ಇದೆಲ್ಲ ಯಾಕ ಎಂದು ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟತೊಡಗಿದಳು. ಅವಳು ಮೆಟ್ಟಿಲಿಳಿದರೆ ಎಲ್ಲವೂ ಮುಗಿಯಿತು. ಅವಳ ನಾಳಿನ ಫೋಟೋ, ಇವಳ ಅಂಗಡಿ, ನನ್ನ ಜನ್ಮ, ಎಲ್ಲ.

ಆಗ ಶಶಿಕಲಾ ಕೈ ಚಾಚಿ ಸುವರ್ಣಾಳ ಸೆರಗು ಹಿಡಿದು ಜಗ್ಗಿದಳು. ಹತ್ತಿ ಒಂದು ಕಣ್ಣಿನಿಂದ ಜಾರಿ ಬಿತ್ತು. ದನಿ ಕೇಳಿದರೆ ಫಕೀರವ್ವ ಗುರುತಿಸಿಯಾಳು. ಪರ್ಸ್ ತೆರೆದು ಸಿಕ್ಕಷ್ಟು ನೋಟು ತೆಗೆದು ಸುವರ್ಣಾಳ ಅಂಗೈಯಲ್ಲಿ ತುರುಕಿ, ಮೊದಲು ತನ್ನ ಎದೆ ಮುಟ್ಟಿಕೊಂಡು, ಆಮೇಲೆ ಬಾಗಿಲ ಕಡೆ ಬೆರಳು ಮಾಡಿದಳು. ತುಟಿ ನಡುಗಿ, ಬಾಯಿಯ ಎರಡೂ ಬದಿ ಹಸಿರು ಪ್ಯಾಕ್ ಸೀಳಿತು.

ಸುವರ್ಣಾಳಿಗೆ ಅರ್ಥವಾಯಿತು. ಬಾಗಿಲಲ್ಲಿ ಬಗ್ಗಿದ್ದ ಫಕೀರವ್ವ ಕೂಡ ಅದನ್ನು ಓರೆಗಣ್ಣಿನಿಂದ ಕಂಡಳು. ಫೋನು ತೆಗೆದುಕೊಂಡು, ಈ ಸಲ ಕಣ್ಣು ಮುಚ್ಚದೆ, ತಾನು ಒತ್ತಿದ್ದನ್ನು ರದ್ದು ಮಾಡಿದಳು. ನನ್ನ ಅಂಚಿಗೆ ಮತ್ತೆ ಚಿನ್ನದ ಬಣ್ಣ ಬಂತು. ಸತ್ತು ಎದ್ದ ವೋಚರನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನೇ ಅದು.

“ಅಕ್ಕಾರ, ಒಳಗ ಬರ್ರಿ,” ಎಂದು ಅವಳು ಬಾಗಿಲಿಗೆ ಓಡಿದಳು. “ನಿಮ್ಮ ವೋಚರ್ ಸರೀನ ಐತಿ. ಇವರು ರೊಕ್ಕ ಕೊಟ್ಟು ಮಾಡಿಸಿಕೊಂಡವರು. ನಾನ ಗಡಿಬಿಡ್ಯಾಗ ಒತ್ತಿ ಕೆಡಿಸಿದ್ನಿ.”

ಬೆಂಚಿನ ಹೆಂಗಸು ತನ್ನ ಪಿಸುಮಾತನ್ನು ಮರೆತು, ತಾನೂ ಒಂದು ವೋಚರ್ ಹೇಗೆ ಕೊಳ್ಳುವುದೆಂದು ಕೇಳಿದಳು. ಹೆಸರು ಬರೆಸಿ ಕೊಡುತ್ತೇನೆ ಎಂದಳು ಸುವರ್ಣಾ. ಫಕೀರವ್ವ ಎರಡನೆಯ ಕುರ್ಚಿಯಲ್ಲಿ ಕುಳಿತಳು. ಸುವರ್ಣಾಳ ಬೆರಳು ಕೆನ್ನೆ ಮುಟ್ಟುತ್ತಿದ್ದಂತೆ ಅವಳಿಗೆ ನಿದ್ದೆ ಹತ್ತಿತು. ಅವಳು ಗೊರಕೆ ಹೊಡೆಯುತ್ತಿದ್ದಾಗ ಶಶಿಕಲಾ ಗಡಬಡಿಸಿ ಮುಖ ತೊಳೆದುಕೊಂಡು, ತಲೆಯ ಮೇಲೆ ಸೆರಗು ಎಳೆದು, ಹಿಂದೆ ನೋಡದೆ ಮೆಟ್ಟಿಲಿಳಿದಳು. ನಾನು ಎರಡನೆಯ ಸಲ ಬೂದಿ ಬಣ್ಣಕ್ಕೆ ತಿರುಗಿದೆ. ಈ ಸಲ ಹೆದರಿಕೆಯಾಗಲಿಲ್ಲ.

ಈಗ ನನಗೆ ಬೆಲೆಯಿಲ್ಲ. ಉಮಾ ಫೋನು ತುಂಬಿತೆಂದು ನನ್ನನ್ನು ಅಳಿಸಿದಳು. ಶಶಿಕಲಾಳ ಫೋನಿನಲ್ಲಿ, ಗುಲಾಬಿಗಳ ಅಡಿಯಲ್ಲಿ ಎಲ್ಲೋ ಕೆಳಗೆ, ಸುಮ್ಮನೆ ಬಿದ್ದಿದ್ದೇನೆ. ಜನ ಉಡುಗೊರೆ ಕೊಡುವುದು ಸುಲಭ, ಅದು ನಿಜವಾಗಿ ಕೈಬಿಟ್ಟು ಹೋಗುವುದೇ ಕಷ್ಟ ಎಂದು ನನಗೆ ಈ ಬದುಕಿನಲ್ಲಿ ತಿಳಿಯಿತು. ಶಶಿಕಲಾ ಅಂತೂ ನನ್ನನ್ನು ಎರಡು ಸಲ ಕೊಡಬೇಕಾಯಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ಅಣ್ಣನಿಗೂ.

ನಿಶ್ಚಯದ ಮರುದಿನ ಬೆಳಿಗ್ಗೆ ಫಕೀರವ್ವ ಎಂದಿನಂತೆ ಬಂದಳು. ಫೋಟೋ ತೋರಿಸಿದಳು. ಮಗಳ ಪಕ್ಕದಲ್ಲಿ, ಕ್ಯಾಮೆರಾಕ್ಕೆ ನೇರ ಮುಖ ಕೊಟ್ಟು ನಿಂತಿದ್ದಳು. ನಾ ಕೊಟ್ಟದ್ದು ಉಪಯೋಗ ಆಯಿತಲ್ಲ ಎಂದು ಉಮಾ ಹಿಗ್ಗಿದಳು. ಅಲ್ಲೊಂದು ಗೊಂದಲ ಆಗಿತ್ತೆಂದೂ, ಯಾರೋ ಒಬ್ಬ ಅಕ್ಕ ಬಾಯಿ ಬಿಡದೆ ತನ್ನನ್ನು ಉಳಿಸಿದಳೆಂದೂ ಫಕೀರವ್ವ ಹೇಳಿದಳು. ಯಾರು ಎಂದು ಉಮಾ ಕೇಳಿದಳು. ಮಾರಿ ಕಾಣಲಿಲ್ರಿ, ಹಸರು ಮೆತ್ತಿತ್ತು ಎಂದಳು. ಉಮಾ ಮೇಲೆ ಹೋದಳು.

ಸ್ವಲ್ಪ ಹೊತ್ತಿಗೆ ಶಶಿಕಲಾ ನೀರಿಗೆಂದು ಒಳಗೆ ಬಂದಳು. ಫೋನನ್ನು ಕಟ್ಟೆಯ ಮೇಲಿಟ್ಟು ತಂಬಿಗೆ ತುಂಬಿಕೊಳ್ಳುತ್ತಿದ್ದಳು. ಫಕೀರವ್ವ ತಲೆ ಎತ್ತಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಅಂದಳು:

“ಶಶಕ್ಕಾರ, ಮಾರಿ ಕಾಣಲಿಲ್ರಿ. ಕಾಲು ಕಂಡ್ವು.”

ತಂಬಿಗೆಯ ನೀರು ತುಂಬಿ ಹೊರಗೆ ಚೆಲ್ಲತೊಡಗಿತು. ಶಶಿಕಲಾ ನಲ್ಲಿ ನಿಲ್ಲಿಸಲಿಲ್ಲ, ತನ್ನ ಪಾದ ಹಿಂದಕ್ಕೆಳೆದುಕೊಳ್ಳಲೂ ಇಲ್ಲ. ಫಕೀರವ್ವ ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕಿ, ಮೇಲೊಂದು ಬೆಣ್ಣೆಯ ಉಂಡೆ ಇಟ್ಟು, ಆ ಪಾದಗಳ ಬಳಿಗೆ ಮೆಲ್ಲಗೆ ಸರಿಸಿದಳು.