ಗ್ಲೌಸಿನ ಸದ್ದು

ಬೇಸ್‌ಬಾಲ್ ಅಭ್ಯಾಸದ ಹನ್ನೊಂದನೇ ಚೆಂಡು ಹಿಡಿದು ವಾಪಸ್ ಎಸೆಯುವಾಗ ನೆರೆಯ್ದಾಳ ಮನಸ್ಸೆಲ್ಲ ಒಲೆಯ ಮೇಲೆ ಬೇಯುತ್ತಿದ್ದ ಕೆಂಪು ಕಾಳಿನಲ್ಲಿತ್ತು. ಇನ್ನೊಂದು ಲೋಟ ನೀರು ಹಾಕಬೇಕಿತ್ತು. ಆದರೆ ಹಿಡಿಯುವವರು ನಡುವೆ ಎದ್ದರೆ ಎಸೆಯುವವನ ಲಯ ತಪ್ಪುತ್ತದೆ ಎಂಬುದು ಈ ಮನೆಯ ಕಾನೂನು. ಕಾನೂನು ಮಾಡಿದವನಿಗೂ ಅಡುಗೆಗೂ ಸಂಬಂಧವಿರಲಿಲ್ಲ.

ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು, ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ ಅವಳು ಕೂತಿದ್ದಳು. ಗಂಡ ರಾದಾಮೆಸ್ ಗೇಟಿನಾಚೆ ರಸ್ತೆಯಲ್ಲಿ ನಿಂತಿದ್ದ. ಎಸೆತಕ್ಕೆ ಬೇಕಾದ ಹದಿನೆಂಟು ಮೀಟರಿಗೆ ಅಂಗಳ ಐದು ಹೆಜ್ಜೆ ಗಿಡ್ಡ. ಮನೆ ಕಟ್ಟಿಸುವಾಗ ಅವನು ಅಮೆರಿಕದಲ್ಲಿದ್ದು ಅಳತೆಯನ್ನು ಫೋನಿನಲ್ಲೇ ಹೇಳಿದ್ದ. ಮೇಸ್ತ್ರಿ ಅದನ್ನು ಬರೆದುಕೊಂಡಿದ್ದೂ ಹೌದು, ಆಮೇಲೆ ಅವನ ತಾಯಿಯ ಮಾತು ಕೇಳಿ ಆ ಐದು ಹೆಜ್ಜೆಯಲ್ಲಿ ಕೋಳಿಗೂಡು ಕಟ್ಟಿದ್ದೂ ಹೌದು.

ಆ ತಾಯಿ, ದೋನ್ಯಾ ತೆಯೊಲಿಂದಾ, ಈಗ ಗೂಡಿನ ಪಕ್ಕ ಮಗನಿಗೆ ಬೆನ್ನು ಹಾಕಿ ಕೂತು, ಮಡಿಲಲ್ಲಿ ತೊಗರಿಕಾಯಿ ಬಿಡಿಸುತ್ತಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೆ ಅವಳು ಆಟವನ್ನು ಕಿವಿಯಿಂದಲೇ ನೋಡುವುದು.

ಒಂದು ಮೋಟರ್‌ಬೈಕು ಗೇಟಿನ ಮುಂದೆ ನಿಧಾನವಾಯಿತು. ಹಿಂದಿನ ಸೀಟಿನಲ್ಲಿ ಬಾಳೆಕಾಯಿ ಗೊನೆ ಇತ್ತು.

“ಚಿಕ್ಕಪ್ಪಾ, ದಾರಿ ಬಿಡ್ತೀಯೋ, ಇಲ್ಲ ನನ್ನನ್ನೂ ಔಟ್ ಮಾಡ್ತೀಯೋ?”

“ನೀನು ಬಲಗೈಯವನು, ಹೋಗು. ನಿನ್ನನ್ನ ಔಟ್ ಮಾಡೋದು ನನ್ನ ಕೆಲಸ ಅಲ್ಲ.”

ಅವನ ಇಡೀ ಬದುಕು ಆ ಮಾತಿನಲ್ಲಿತ್ತು. ಆಟ ಶುರು ಮಾಡುವ ಎಸೆತಗಾರ ಬೇರೆ. ಆ ಮನುಷ್ಯನ ತೋಳು ದಣಿದು ಪಂದ್ಯ ಕೈತಪ್ಪುವಾಗ, ಅಷ್ಟು ಹೊತ್ತೂ ಬೆಂಚಿನ ಮೇಲೆ ಸೂರ್ಯಕಾಂತಿ ಬೀಜ ಜಗಿಯುತ್ತಿದ್ದ ರಾದಾಮೆಸ್ ಎದ್ದು ಬರಬೇಕು. ಎಡಗೈ ಬ್ಯಾಟ್ಸ್‌ಮನ್ ಒಬ್ಬನಿಗೆ ತನ್ನ ಎಡಗೈಯಿಂದ ನಾಲ್ಕೋ ಐದೋ ಚೆಂಡು ಎಸೆಯಬೇಕು. ಹೋಗಿ ಮತ್ತೆ ಕೂರಬೇಕು. ಬೆಂಕಿ ಆರಿಸುವವನು ಎನ್ನುತ್ತಾರೆ ಊರಲ್ಲಿ. ಅಮೆರಿಕದಲ್ಲಿ ಹದಿಮೂರು ವರ್ಷ, ಏಳು ತಂಡ. ನೆರೆಯ್ದಾ ಅಲ್ಲಿ ಸ್ಟೇಡಿಯಮ್ಮಿನಲ್ಲಿ ಕಾಫಿಗೆ ಸಾಲಿನಲ್ಲಿ ನಿಂತು ವಾಪಸ್ ಬರುವಷ್ಟರಲ್ಲಿ ಎಷ್ಟೋ ಸಲ ಗಂಡನ ಆ ದಿನದ ದುಡಿಮೆ ಮುಗಿದಿರುತ್ತಿತ್ತು. “ಹೇಗಿತ್ತು?” ಎಂದು ಅವನು ಕೇಳಿದರೆ “ಬಿಸಿಯಾಗಿತ್ತು” ಎನ್ನುತ್ತಿದ್ದಳು. ಯಾವುದು ಎಂದು ಅವನು ಕೇಳುತ್ತಿರಲಿಲ್ಲ.

ಆಮೇಲೆ ಅಲ್ಲಿನವರು ನಿಯಮ ಬದಲಿಸಿದರು. ಬಂದವನು ಕನಿಷ್ಠ ಮೂವರಿಗಾದರೂ ಎಸೆಯಲೇಬೇಕು. ಎರಡನೆಯವನು ಬಲಗೈಯವನಾಗಿದ್ದರೆ ರಾದಾಮೆಸ್‌ನ ಕಥೆ ಮುಗಿಯಿತು. ಊರಿಗೆ ಬಂದ. ಐದು ವರ್ಷದಿಂದ ಚಳಿಗಾಲದ ಪಂದ್ಯಗಳಲ್ಲಿ ಊರಿನ ತಂಡಕ್ಕೆ ಆಡುತ್ತಿದ್ದಾನೆ. ಈಗ ನಲವತ್ತೊಂದು.

“ಹನ್ನೆರಡು,” ಎಂದು ಅವನು ಎಸೆದ.

ಫಟಾರ್!

“ಆಹಾ!” ಎಂದಳು ಅತ್ತೆ, ತಲೆ ಎತ್ತದೆ. “ಏನು ಸದ್ದು! ಹೋದ ವರ್ಷಕ್ಕಿಂತ ಜೋರು. ಲೋಕದಲ್ಲಿ ಎಲ್ಲರಿಗೂ ವಯಸ್ಸಾದ್ರೆ ತೋಳು ಸೋಲುತ್ತೆ, ನನ್ನ ಮಗನಿಗೆ ಮಾತ್ರ ಬಲೀತಾ ಇದೆ. ಅಲ್ವಾ ಸೊಸೇ?”

“ಹೌದು ಅತ್ತೆ.”

“ನಿನ್ನ ಕೈ ಹೇಗಿದೆ? ನೋಯ್ತಿದೆಯಾ?”

“ನೋಯ್ತಿದೆ ಅತ್ತೆ.”

“ಪಾಪ,” ಎಂದು ಅತ್ತೆ ಒಂದು ಕಾಯಿಯನ್ನು ಟಕ್ಕೆಂದು ಒಡೆದಳು.

ನೋಯುತ್ತಿರಲಿಲ್ಲ. ಹಿಂದೆಲ್ಲ ನೆರೆಯ್ದಾ ಗ್ಲೌಸಿನೊಳಗೆ ಪಾತ್ರೆ ತೊಳೆಯುವ ಸ್ಪಂಜು ಇಟ್ಟುಕೊಳ್ಳುತ್ತಿದ್ದಳು. ಆದರೂ ಅಂಗೈ ಕೆಂಪಾಗಿ, ಸಂಜೆ ಚಮಚ ಹಿಡಿಯಲಾಗುತ್ತಿರಲಿಲ್ಲ. ಈ ಸೆಪ್ಟೆಂಬರಿನಲ್ಲಿ ಒಂದು ದಿನ ಬಾಣಲೆ ಉಜ್ಜುವಾಗ ಕೈಯಲ್ಲಿರುವುದು ಅದೇ ಸ್ಪಂಜು ಎಂದು ಹೊಳೆಯಿತು. ಮೂರು ವಾರದಿಂದ ಅದು ಸಿಂಕಿನಲ್ಲೇ ಇತ್ತು. ಅವಳು ಬರಿಗ್ಲೌಸಿನಲ್ಲಿ ಹಿಡಿಯುತ್ತಿದ್ದಳು, ಏನೂ ಆಗಿರಲಿಲ್ಲ.

ಸದ್ದು ಅವಳದೇ. ಅಮೆರಿಕದ ಯಾವುದೋ ಊರಿನಲ್ಲಿ, ಅಭ್ಯಾಸದ ಚೆಂಡು ಹಿಡಿಯುವ ವೆನಿಜುವೆಲಾದ ಒಬ್ಬ ಮುದುಕ ಹೇಳಿಕೊಟ್ಟಿದ್ದ: “ಅಂಗೈಗೆ ತಗೋಬೇಡಮ್ಮ. ಹೆಬ್ಬೆರಳು, ತೋರುಬೆರಳು, ಎರಡರ ನಡುವೆ ಗ್ಲೌಸಿನಲ್ಲಿ ಚರ್ಮದ ಗುಳಿ ಇದೆಯಲ್ಲ, ಅಲ್ಲಿಗೆ ತಗೋ. ಪಟಾಕಿ ಹೊಡೆದಂಗೆ ಕೇಳುತ್ತೆ. ಎಸೆಯೋರಿಗೆ ಅದನ್ನ ಕೇಳಿಸಿದ್ರೇನೇ ನಮಗೆ ಸಂಬಳ.” ಅವಳಿಗೆ ಸಂಬಳವಿರಲಿಲ್ಲ. ಆದರೂ ಗಂಡನ ಎಸೆತ ಮೆತ್ತಗಾದಷ್ಟೂ ಕೈಚಳಕ ಹೆಚ್ಚಿಸುತ್ತ ಬಂದಿದ್ದಳು.

“ಇಪ್ಪತ್ತಾದ ಮೇಲೆ ಹತ್ತು ಪೂರ್ತಿ ಜೋರಾಗಿ,” ಎಂದ ರಾದಾಮೆಸ್. “ಆ ಹತ್ತು ಕೇಳಿ ದೋನ್ ಎವಾರಿಸ್ತೊಗೆ ಫೋನ್ ಮಾಡ್ತೀನಿ.”

ದೋನ್ ಎವಾರಿಸ್ತೊ ಊರಿನ ತಂಡ ನಡೆಸುವವನು. ಮಧ್ಯಾಹ್ನ ಹನ್ನೆರಡಕ್ಕೆ ಮುಂಚೆ ಒಂದು ಮಾತು ಹೇಳು ಎಂದಿದ್ದ: ಆಟಗಾರರ ಪಟ್ಟಿಗೆ ಹೆಸರು ಸೇರಿಸಲೋ, ಅಥವಾ ಎಸೆಯುವವರಿಗೆ ಕಲಿಸುವ ಕೆಲಸಕ್ಕೆ ಬರುತ್ತೀಯೋ? ಎರಡಕ್ಕೂ ಬಾಗಿಲು ತೆರೆದಿದೆ. ಹನ್ನೆರಡರ ನಂತರ ಎರಡನೆಯದು ಬೇರೆಯವನಿಗೆ.

“ಗ್ಲೌಸನ್ನ ಯಾಕೆ ಕೇಳ್ತೀಯ?” ಎಂದಳು ಅತ್ತೆ. “ಹೆಂಡತಿನ ಕೇಳು.”

“ಅವಳು ಹೆಂಡತಿ ಅಮ್ಮಾ, ನನ್ನ ಮನಸ್ಸಿಗೆ ನೋವಾಗದ ಹಾಗೆ ಹೇಳ್ತಾಳೆ. ಗ್ಲೌಸಿಗೆ ಆ ದಾಕ್ಷಿಣ್ಯ ಇಲ್ಲ.”

“ಅದೂ ನಿಜ,” ಎಂದಳು ಅತ್ತೆ. ಅವಳ ತುಟಿ ಸೊಟ್ಟಗಾಯಿತು.

ಹೋದ ಜನವರಿಯಲ್ಲಿ ಅವನ ನಿಧಾನದ ಚೆಂಡೊಂದನ್ನು ಬ್ಯಾಟ್ಸ್‌ಮನ್ ನೇರವಾಗಿ ಅವನತ್ತಲೇ ಹೊಡೆದಿದ್ದ. ಚೆಂಡು ಕಿವಿಯ ಪಕ್ಕ ಹಾದು ಟೋಪಿ ಹಾರಿಸಿತು. “ಟೋಪಿ ಒಳಗೆ ಏನಾದ್ರೂ ಇದ್ದಿದ್ರೆ ತಾಗ್ತಿತ್ತು” ಎಂದು ಅತ್ತೆ ಊರಿಗೆಲ್ಲ ಹೇಳಿ ನಗಿಸಿದಳು. ಆದರೆ ಆ ವಾರ ಪೂರ್ತಿ ಅವಳ ಜಪಮಾಲೆ ಕೈಯಿಂದ ಇಳಿದಿರಲಿಲ್ಲ. ನೆರೆಯ್ದಾ ಆ ಟೋಪಿಯನ್ನು ಒಗೆದು ಒಣಗಿಸಿದಳು. ಅಂಚಿನಲ್ಲಿ ಒಂದು ಇಂಚು ಹರಿದಿತ್ತು.

ಹೀಗಿದ್ದೂ ಸದ್ದು ಮಾಡುತ್ತಲೇ ಇದ್ದಳಲ್ಲ, ಯಾಕೆ? ಅವನ ಸಂತೋಷಕ್ಕೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಅದು ಅರ್ಧ ನಿಜ. ಊಟದ ಮೇಜಿನಲ್ಲಿ ರಾದಾಮೆಸ್ ಟಿವಿ ನೋಡುತ್ತಾನೆ, ಚರ್ಚಿನಲ್ಲಿ ಮುಂದಿನವನ ಬೋಳುತಲೆ ನೋಡುತ್ತಾನೆ. ಆದರೆ ಇಲ್ಲಿ, ಹದಿನೆಂಟು ಮೀಟರ್ ದೂರದಿಂದ, ದಿನಾ ನಲವತ್ತು ನಿಮಿಷ ಅವಳ ಮೇಲಿನಿಂದ ಕಣ್ಣು ತೆಗೆಯುವುದಿಲ್ಲ. ಕಟ್ಟಿಕೊಂಡು ಇಪ್ಪತ್ತು ವರ್ಷವಾದ ಹೆಂಡತಿಯನ್ನು ಯಾವ ಗಂಡ ಹಾಗೆ ನೋಡುತ್ತಾನೆ? ಅವನು ನೋಡುವುದು ಗ್ಲೌಸನ್ನೇ ಎಂದು ಅವಳಿಗೆ ಗೊತ್ತು. ಆದರೂ ಗ್ಲೌಸಿನ ಹಿಂದೆ ಇರುವವಳು ತಾನು. ಅವನು ಕಲಿಸಲು ಹೋದರೆ ಡಬ್ಬಿಯ ಮೇಲೆ ಕೂರುವ ಕೆಲಸವೂ ಇರುವುದಿಲ್ಲ, ಆ ನೋಟವೂ ಇರುವುದಿಲ್ಲ.

“ಇಪ್ಪತ್ತು,” ಎಂದ ಅವನು. ಫಟಾರ್! ಕೋಳಿಗಳು ಚದುರಿದವು.

“ಬೆಂಕಿ ಆರಿಸೋನೇ,” ಅತ್ತೆ ಮೂಗೆಳೆದಳು, “ಒಲೆ ಮೇಲೆ ಏನೋ ಹತ್ತಿಕೊಳ್ತಿದೆ. ಅದು ನಿನ್ನ ಇಲಾಖೆಗೆ ಬರುತ್ತಾ?”

“ಎಡಗೈ ಕಾಳಾದ್ರೆ ಬರ್ತೀನಿ ಅಮ್ಮಾ.”

ನೆರೆಯ್ದಾ ಕಾನೂನು ಮುರಿದು ಎದ್ದಳು. “ಎರಡು ನಿಮಿಷ. ಭುಜ ತಣ್ಣಗಾಗೋಕೆ ಬಿಡಬೇಡ.”

ಒಳಗೆ ಕಾಳು ತಳ ಹಿಡಿಯುವುದಕ್ಕೆ ಕೂದಲೆಳೆಯಷ್ಟೇ ಬಾಕಿ ಇತ್ತು. ನೀರು ಹಾಕಿದಳು, ಸೌಟು ಆಡಿಸಿದಳು, ಉರಿ ಸಣ್ಣ ಮಾಡಿದಳು. ಕಿಟಕಿಯಿಂದ ರಸ್ತೆ ಕಾಣುತ್ತಿತ್ತು. ರಾದಾಮೆಸ್ ಯಾರೂ ನೋಡುತ್ತಿಲ್ಲ ಎಂದುಕೊಂಡು ಬಲಗೈಯಿಂದ ಎಡ ಮೊಣಕೈ ಒತ್ತಿಕೊಳ್ಳುತ್ತಿದ್ದ. ಮುಖ ಕಿವುಚಿದ್ದ. ಒಂದು ಬೈಕು ಬಂದದ್ದೇ ಕೈ ಬಿಟ್ಟು, ಎದೆ ಮುಂದೆ ಮಾಡಿ, ನಗುತ್ತ ದಾರಿ ಬಿಟ್ಟ.

ಸಿಂಕಿನಲ್ಲಿ ಸ್ಪಂಜು ಇತ್ತು. ಒಂದು ಮೂಲೆ ಕಿತ್ತು ಹೋಗಿತ್ತು. ನೆರೆಯ್ದಾ ಅದನ್ನು ಹಿಂಡಿ ನಲ್ಲಿಯ ಪಕ್ಕ ಇಟ್ಟಳು, ಕೈ ಒರೆಸಿಕೊಂಡಳು, ಹೊರಗೆ ಬಂದು ಡಬ್ಬಿಯ ಮೇಲೆ ಕೂತಳು.

“ಕಾಳು ಉಳೀತಾ?” ಎಂದಳು ಅತ್ತೆ.

“ಉಳೀತು ಅತ್ತೆ.”

“ರೆಡಿನಾ?” ಎಂದು ಅವನು ಕೂಗಿದ. “ಹತ್ತೂ ಲೆಕ್ಕ ಇಟ್ಕೋ!”

“ನೀನು ಎಸಿ ಮಹಾರಾಯ.”

ಅವಳು ಗ್ಲೌಸು ಚಾಚಿದಳು. ಅವನು ಕಾಲೆತ್ತಿದ, ತೋಳು ತಿರುಗಿಸಿದ. ಅದೇ ಹಳೆಯ ಚಂದದ ತಿರುವು. ಅದೊಂದು ಮಾತ್ರ ಎಲ್ಲೂ ಹೋಗಿರಲಿಲ್ಲ. ಚೆಂಡು ಬರುವಾಗ ಅವಳು ಕೈಯನ್ನು ಒಂದು ಇಂಚು ಸರಿಸಿ, ಗುಳಿಯನ್ನು ಬಿಟ್ಟು, ನೇರ ಅಂಗೈಗೆ ತೆಗೆದುಕೊಂಡಳು.

ಥಪ್.

ಅತ್ತೆಯ ಬೆರಳುಗಳು ತೊಗರಿಕಾಯಿಯ ಮೇಲೆ ನಿಂತವು. ರಸ್ತೆಯಲ್ಲಿ ರಾದಾಮೆಸ್ ತನ್ನ ಭುಜವನ್ನೊಮ್ಮೆ ನೋಡಿಕೊಂಡ. ಆಮೇಲೆ ತಲೆ ಎತ್ತಿದ. ಗ್ಲೌಸಿಗಿಂತ ಸ್ವಲ್ಪ ಮೇಲೆ, ಅವಳ ಮುಖವನ್ನು ನೋಡಿದ.

ನೆರೆಯ್ದಾ ಚೆಂಡನ್ನು ವಾಪಸ್ ಎಸೆದಳು.

“ಒಂದು,” ಎಂದಳು. “ಇನ್ನೂ ಒಂಬತ್ತಿದೆ.”

ಮತ್ತೆ ಗ್ಲೌಸು ಚಾಚಿ, ಅಂಗೈಯನ್ನು ಅಲ್ಲೇ ಇಟ್ಟಳು.