ಬೊಳ್ಳಿಯ ರಕ್ತ, ಜಯನ ಐಸು

ಏಪ್ರಿಲ್ ತಿಂಗಳ ಬೆಳಿಗ್ಗೆ ಹತ್ತು ಗಂಟೆಗೇ ಮಂಗಳೂರಿನ ದೇರೆಬೈಲಿನ ಕುಶಲಾ ತನ್ನ ದನ ಬೊಳ್ಳಿಯ ತುಟಿ ಮಡಚಿ ಏಳನೇ ಸಲ ಒಸಡು ನೋಡಿದಳು. ಕೆಂಪಿರಬೇಕಾದಲ್ಲಿ ಸುಣ್ಣದ ಗೋಡೆಯ ಬಣ್ಣ. ಜನವರಿಯಲ್ಲಿ ಹಾಸನದ ಕಡೆಯಿಂದ ಬಂದ ದಿನವೇ ಹಟ್ಟಿಯ ಗೇಟು ಮುರಿದಿದ್ದ ದನ ಈಗ ಬಾಯಿ ತೆರೆದು ಏದುತ್ತ, ಮೀನಿನ ಊಟಕ್ಕೆ ಬಂದವರು ಪಡುವಲಕಾಯಿ ಪಲ್ಯವನ್ನು ನೋಡುವಂತೆ ಹುಲ್ಲನ್ನು ನೋಡುತ್ತಿತ್ತು.

"ರಕ್ತ ತುಂಬ ಇಳಿದಿದೆ ಕುಶಲಕ್ಕ," ಎಂದರು ಪಶುವೈದ್ಯೆ ಬರ್ನಡೆಟ್. "ಉಣುಗು ಕಚ್ಚಿ ಬರುವ ಜ್ವರವೋ, ಬರೀ ಸೆಕೆಯೋ, ಪರೀಕ್ಷೆ ಮಾಡದೆ ಹೇಳ್ಲಿಕ್ಕೆ ಆಗುವುದಿಲ್ಲ. ಜ್ವರದ ಇಂಜೆಕ್ಷನ್ ಸುಮ್ಮನೆ ಕೊಟ್ರೆ ಈ ಸ್ಥಿತಿಯಲ್ಲಿ ದನ ತಡ್ಕೊಳ್ಳುವುದು ಕಷ್ಟ."

"ಕೊಡದಿದ್ರೆ?"

"ಜ್ವರವೇ ಆಗಿದ್ರೆ, ನಾಳೆಗೆ ಉಳಿಯುವುದು ಕಷ್ಟ."

ಕತ್ತಿನ ನರದಿಂದ ತೆಗೆದ ರಕ್ತದ ಟ್ಯೂಬನ್ನು ಕುಶಲಾಳ ಗಂಡ ಜಯನಿಗೆ ಕೊಟ್ಟು, ತಣ್ಣಗಿಟ್ಟು ಲ್ಯಾಬಿಗೆ ಮುಟ್ಟಿಸಲು ಹೇಳಿದರು. ಇಪ್ಪತ್ತೆಂಟು ವರ್ಷ ಬಂದರಿನ ಧಕ್ಕೆಯಲ್ಲಿ ಮೀನು ಪ್ಯಾಕ್ ಮಾಡಿಸಿದವನಿಗೆ ತಣ್ಣಗಿಡುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಥರ್ಮೊಕೋಲ್ ಪೆಟ್ಟಿಗೆಗೆ ಪುಡಿ ಐಸು, ಐಸು ಇನ್ನಷ್ಟು ತಣ್ಣಗಾಗಲೆಂದು, ದೂರ ಹೋಗುವ ಅಂಜಲ್ ಮೀನಿಗೆ ಹಾಕುವಂತೆ ಎರಡು ಹಿಡಿ ಕಲ್ಲುಪ್ಪು. ನಡುವೆ ಟ್ಯೂಬು ಹೂತು, ಟೇಪು ಸುತ್ತಿ ಹೊರಟ.

ಕುಶಲಾ ಹಟ್ಟಿಯಿಂದ ಬಾವಿಗೆ, ಬಾವಿಯಿಂದ ಹಟ್ಟಿಗೆ ನಡೆದಳು. ಬೊಳ್ಳಿಯ ಮೇಲೆ ಹೊಯ್ದ ನೀರು ಆರುವ ಮೊದಲೇ ಮತ್ತೆ ಹೊಯ್ದಳು. ಹನ್ನೆರಡಕ್ಕೆ ಫೋನು ಬಂತು.

"ಎಂತದೋ ಎಡವಟ್ಟಾಯ್ತು ಮಾರಾಯ್ತಿ," ಎಂದ ಜಯ. "ರಕ್ತ ಐಸಾಗಿ ಕಣ ಎಲ್ಲ ಒಡೆದಿದೆ ಅಂತಾರೆ ಲ್ಯಾಬಿನ ಶೈಮಾ. ಎಣಿಸ್ಲಿಕ್ಕೆ ಒಂದೂ ಉಳಿದಿಲ್ಲವಂತೆ."

"ಉಪ್ಪು ಹಾಕಿದ್ರಾ?"

"ಸ್ವಲ್ಪ."

"ಅರಶಿನ, ಮೆಣಸಿನಪುಡಿ ಮನೆಯಲ್ಲೇ ಉಂಟಲ್ಲ, ಅದೂ ಹಾಕ್ಬಹುದಿತ್ತು."

ಬರ್ನಡೆಟ್ ಕೊಂಕಣಿಯಲ್ಲಿ ಏನೋ ಗೊಣಗುತ್ತ ಬಂದು ಮತ್ತೆ ರಕ್ತ ತೆಗೆದರು. ಈ ಸಲ ಟ್ಯೂಬನ್ನು ಟವೆಲಿನಲ್ಲಿ ಸುತ್ತಿ, ಕೆಳಗೆ ಐಸ್ ಪ್ಯಾಕ್ ಇಟ್ಟು, ಕುಶಲಾಳೇ ಆಟೋ ಹತ್ತಿದಳು. ಲಾಲ್‌ಬಾಗ್ ಸಿಗ್ನಲ್ಲಿನಲ್ಲಿ ಟವೆಲು ಬಿಚ್ಚಿ ಮೂರು ಸಲ ನೋಡಿದಳು.

"ಎಂತ ಅಕ್ಕ, ಚಿನ್ನವಾ?" ಎಂದ ಡ್ರೈವರ್.

"ದನದ ರಕ್ತ."

ಸಿಗ್ನಲ್ ಬಿಟ್ಟಿತು. ಅಲ್ಲಿಂದ ಆಟೋ ಬೇಗ ಹೋಯಿತು.

ಶೈಮಾ ಸೂಕ್ಷ್ಮದರ್ಶಕದಿಂದ ತಲೆ ಎತ್ತುವವರೆಗೆ ಕುಶಲಾ ಮೂರು ಕುರ್ಚಿ ಬದಲಿಸಿದ್ದಳು.

"ಜ್ವರದ ಕ್ರಿಮಿ ಇಲ್ಲ ಆಂಟಿ. ಹಿಮೋಗ್ಲೋಬಿನ್ ಆರು. ಎಂಟಾದ್ರೂ ಬೇಕು."

ಫೋನಿನಲ್ಲಿ ಬರ್ನಡೆಟ್ ಸಂಖ್ಯೆ ಕೇಳಿ ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ಆ ಇಂಜೆಕ್ಷನ್ ಬೇಡ. ಸೆಕೆಗೆ ಮೇವು ಬಿಟ್ಟಿದೆ, ರಕ್ತ ಇಳಿದಿದೆ. ಇದೇ ದನ ಹಾಸನದಲ್ಲಿದ್ರೆ ಇಷ್ಟು ಆಗ್ತಿರ್ಲಿಲ್ಲ. ನಿಮ್ಮ ಹಟ್ಟಿ ನೋಡಿ, ಮೇಲೆ ತಗಡು, ಹಿಂದೆ ಅಪಾರ್ಟ್‌ಮೆಂಟಿನ ಆರು ಎಸಿಗಳ ಬಿಸಿಗಾಳಿ. ಮದ್ದು ನಾನು ತರ್ತೇನೆ, ಜಾಗ ನೀವು ಬದಲಿಸಿ."

ಮನೆಯಲ್ಲಿ ಹಂಚಿನ ನೆರಳೂ ಫ್ಯಾನೂ ಇದ್ದ ಜಾಗ ಒಂದೇ, ಎದುರಿನ ಜಗಲಿ, ಸಿಟೌಟ್. ಜಯ ಪೇಪರ್ ಓದುವುದು ಅಲ್ಲಿ. ಕುಶಲಾ ಕುರ್ಚಿ, ಟೀಪಾಯಿ ಹೊರಗಿಟ್ಟು, ಜಾರದಂತೆ ಗೋಣಿ ಹಾಸಿ ಬೊಳ್ಳಿಯನ್ನು ಕಟ್ಟಿದಳು.

"ನಾನೆಲ್ಲಿ ಕೂತ್ಕೊಳ್ಳುವುದು?"

"ಹಟ್ಟಿ ಖಾಲಿ ಉಂಟಲ್ಲ."

ಬರ್ನಡೆಟ್ ಬಂದು ಮದ್ದು ಕೊಟ್ಟು ಹೋದ ಮೇಲೆ, ಸಂಜೆ ಐದಕ್ಕೆ ಬೊಳ್ಳಿ ಒಂದು ಬಕೆಟ್ ನೀರು ಕುಡಿಯಿತು. ಆಮೇಲೆ, ಯಾರಿಗೋ ಉಪಕಾರ ಮಾಡುವಂತೆ, ಹುಲ್ಲಿನ ಒಂದು ಎಳೆ ಎತ್ತಿಕೊಂಡಿತು. ಅದು ನುಂಗುವವರೆಗೆ ಕುಶಲಾ ಕೂರಲಿಲ್ಲ. ನುಂಗಿದ ಮೇಲೂ ಕೂರಲಿಲ್ಲ, ಇನ್ನೊಂದು ಎಳೆ ಎತ್ತುತ್ತದೆಯೋ ನೋಡುತ್ತ ನಿಂತಳು.