ಚಕ್ರ ನಿಂತ ಸಂಜೆ

ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಗಾಜಿನ ಹಿಂದೆ, ಬೆಳ್ಳಿ ತಟ್ಟೆಯಂಥ ಒಂದು ಚಕ್ರ ತಿರುಗುತ್ತಿತ್ತು. ಅದರ ಅಂಚಿನಲ್ಲಿ ಕುಂಕುಮದ ಬೊಟ್ಟಿನಷ್ಟು ಕೆಂಪು ಗುರುತು. ಅದು ಎದುರಿಗೆ ಬರುವುದು, ಮರೆಯಾಗುವುದು, ಮತ್ತೆ ಬರುವುದು. ನಮ್ಮ ಮೂರಂತಸ್ತಿನ ಅಪಾರ್ಟ್‌ಮೆಂಟಿಗೆಲ್ಲ ಅದೊಂದೇ ಕರೆಂಟು ಮೀಟರು. ಬೇಸಿಗೆಯಲ್ಲಿ ಅದು ತಿರುಗುವ ರಭಸಕ್ಕೆ ಗಾಳಿಯೆದ್ದು, ತಾರಸಿಯಲ್ಲಿ ಒಣಹಾಕಿದ ಸೀರೆಗಳು ಪಕ್ಕದ ಬೀದಿಗೆ ಹಾರಿಹೋಗುತ್ತಿದ್ದವು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಸೀರೆ ಕಳೆದುಕೊಂಡವರು ನಂಬುತ್ತಾರೆ.

ಬಿಲ್ಲನ್ನು ಎಲ್ಲ ಮನೆಯವರೂ ಸಮನಾಗಿ ಹಂಚಿಕೊಳ್ಳುವುದು ಅಲ್ಲಿಯ ವಾಡಿಕೆ. ಹೀಗಾಗಿ ಉಳಿಸಿದವರಿಗೆ ಏನೂ ಉಳಿಯುತ್ತಿರಲಿಲ್ಲ, ಉರಿಸಿದವರಿಗೆ ಬಿಸಿ ತಟ್ಟುತ್ತಿರಲಿಲ್ಲ. ಎದುರು ಮನೆಯವರು ಇಸ್ತ್ರಿ ಪೆಟ್ಟಿಗೆ ಹಾಕಿದರೆಂಬ ಹೊಟ್ಟೆಕಿಚ್ಚಿಗೆ ಈ ಮನೆಯವರು ಹೀಟರು ಹಾಕುವರು. ಒಂದು ಬೇಸಿಗೆಯ ಬಿಲ್ಲು ಬಂದಾಗ ನಮ್ಮ ಸಂಘದ ಅಧ್ಯಕ್ಷ ಅನಂತಶಯನಂ ಅವರು ಅದನ್ನೋದಿ, ಕುರ್ಚಿಯಲ್ಲಿ ಕೂತು, ಕುಡಿಯಲು ನೀರು ಕೇಳಿದರು. ಮರುದಿನವೇ ತಾರಸಿಯಲ್ಲಿ ಸಭೆ.

ಸಭೆಯಲ್ಲಿ ನಾನು ಎದ್ದು ನಿಂತೆ. ಆ ಕಾಲದಲ್ಲಿ ನನ್ನ ಮೀಸೆಯೆಂದರೆ ಸಾಮಾನ್ಯವಲ್ಲ. ಗುಬ್ಬಿಗಳು ಬಂದು ಗೂಡಿಗೆ ಜಾಗ ನೋಡಿಕೊಂಡು ಹೋಗುತ್ತಿದ್ದವು.

"ಭಾನುವಾರ ಸಂಜೆ ಆ ಚಕ್ರ ನಿಲ್ಲಿಸಿ ತೋರಿಸ್ತೀನಿ," ಎಂದೆ. "ಎಲ್ಲರೂ ಮನೇಲಿರೋದನ್ನೆಲ್ಲ ಆರಿಸ್ಬಿಡಿ. ಆಮೇಲೆ ಒಂದೊಂದೇ ಹಾಕ್ತಾ, ಯಾವುದು ಎಷ್ಟು ಕರೆಂಟು ನುಂಗುತ್ತೆ ಅಂತ ಚಕ್ರದ ಓಟದಲ್ಲೇ ನೋಡೋಣ. ಅದು ನಿಲ್ದೇ ಇದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ."

"ಯಾವ ಅರ್ಧ?" ಎಂದು ಕೇಳಿದರು ಮೇಲಿನ ಮನೆಯ ಶಕೀಲಾ ಟೀಚರು.

"ನೀವು ಹೇಳಿದ ಅರ್ಧ."

"ಹಂಗಿದ್ರೆ ಚಕ್ರ ಓಡ್ಲಿ ಬಿಡಿ."

ಎಲ್ಲರೂ ನಕ್ಕರು, ದೇವೀರಮ್ಮ ಒಬ್ಬರನ್ನು ಬಿಟ್ಟು. ಮೊದಲನೇ ಮಹಡಿಯಲ್ಲಿ ಒಂಟಿಯಾಗಿದ್ದ ಆ ಹೆಂಗಸಿನ ಪ್ರೀತಿಯೂ ಬೈಗುಳದಂತೆಯೇ ಕೇಳಿಸುತ್ತಿತ್ತು. ಅಂದು ಮಾತ್ರ ತುಟಿ ಬಿಚ್ಚದೆ ಎದ್ದುಹೋದರು.

ಭಾನುವಾರ ಹೊತ್ತು ಮುಳುಗುವಾಗ ಮನೆಮನೆಯಲ್ಲೂ ಸ್ವಿಚ್ಚುಗಳು ಆರಿದವು. ಫ್ರಿಜ್ಜುಗಳ ಗುಂಯ್‌ಗುಟ್ಟುವಿಕೆ ನಿಂತಿತು. ಫ್ಯಾನುಗಳು ತೂಕಡಿಸುತ್ತ ತೂಕಡಿಸುತ್ತ ನಿದ್ದೆಗೆ ಜಾರಿದವು. ಇಷ್ಟು ವರ್ಷ ಆ ಸದ್ದಿನಡಿ ಹುದುಗಿದ್ದ ಸದ್ದುಗಳು ಒಂದೊಂದಾಗಿ ಮೇಲೆದ್ದು ಬಂದವು: ಯಾರದೋ ಬಳೆ, ಯಾವುದೋ ನಲ್ಲಿಯ ತೊಟ್ಟು, ಗೋಡೆಯ ಮೇಲೆ ಇರುವೆಗಳ ಹೆಜ್ಜೆ. ಇರುವೆಗಳದ್ದು ಕೇಳಿಸಿದ್ದು ನನಗೊಬ್ಬನಿಗೇ. ಕಟ್ಟಡ ನೀರಿನೊಳಗೆ ಮುಳುಗಿದಂತಿತ್ತು. ನಾವೆಲ್ಲ ಆ ನೀರಿನ ತಳದಲ್ಲಿ ತೇಲುತ್ತ ಬಂದು ಮೀಟರಿನ ಮುಂದೆ ಸೇರಿದೆವು.

ಚಕ್ರ ನಿಧಾನವಾಗಿತ್ತು, ನಿಂತಿರಲಿಲ್ಲ. ಕೆಂಪು ಗುರುತು ಹೋಯಿತು. ಎಷ್ಟೋ ಹೊತ್ತಿನ ಮೇಲೆ ಮತ್ತೆ ಬಂತು.

"ಎಡಗಡೆ ಅರ್ಧ," ಎಂದರು ಶಕೀಲಾ ಟೀಚರು.

ಕರೆಂಟಿನ ವಾಸನೆಯನ್ನು ಮೂರು ಗೋಡೆಯಾಚೆಯಿಂದಲೇ ಹಿಡಿಯುವ ಮೂಗು ನನ್ನದು. ಅದನ್ನೇ ಹಿಂಬಾಲಿಸಿ ಮೆಟ್ಟಿಲು ಹತ್ತಿದೆ. ದೇವೀರಮ್ಮನವರ ಬಾಗಿಲ ಕೆಳಗೆ ಒಂದು ಗೆರೆ ಬೆಳಕಿದ್ದದ್ದೂ ಸ್ವಲ್ಪ ಸಹಾಯಕ್ಕೆ ಬಂತೆನ್ನಿ. ತಟ್ಟಿದೆ. ಬಾಗಿಲು ಇಷ್ಟೇ ತೆರೆಯಿತು.

"ನೀನಾ? ಬಾ ಒಳಕ್ಕೆ. ಬಂದು ಬಾಯ್ಮುಚ್ಕಂಡು ನೋಡು."

ಮಂಚದ ಕೆಳಗೆ ಭತ್ತದ ಹೊಟ್ಟು ತುಂಬಿದ ಬುಟ್ಟಿ. ಅದರ ಮೇಲೆ ಇಳಿಬಿಟ್ಟ ಬಲ್ಬು. ಬೆಳಕಿನಲ್ಲಿ ಮಲಗಿದ್ದ ಏಳೆಂಟು ಮೊಟ್ಟೆಗಳು.

"ಬಾಲ್ಕನೀಲಿ ಕಾವಿಗೆ ಕೂತಿದ್ದ ನಮ್ ಕೆಂಪೀನ ಹದ್ದು ಎತ್ಕಂಡು ಹೋಯ್ತು," ಎಂದರು ದೇವೀರಮ್ಮ. "ಇವು ಅದರವೇ. ನನ್ ಮದುವೇಲಿ ನಮ್ಮವ್ವ ಒಂದು ಕೋಳಿ ಕೊಟ್ಟು ಕಳ್ಸಿದ್ಲು. ಅದರ ಮಗಳು, ಆ ಮಗಳ ಮಗಳು, ಹಂಗೇ ಬಂದ ತಳಿ ಕಣಪ್ಪ. ಈಗ ಅವ್ವನೂ ಇಲ್ಲ, ಆ ಮನೇನೂ ಇಲ್ಲ. ತವರು ಅಂತ ನಂಗೆ ಉಳಿದಿರೋದು ಈ ಬುಟ್ಟಿ. ಬಲ್ಬು ಆರಿಸಿದ್ರೆ ಇದೂ ತಣ್ಣಗಾಯ್ತದೆ."

ಒಂದು ಮೊಟ್ಟೆಯನ್ನೆತ್ತಿ ಬಲ್ಬಿನ ಮುಂದೆ ಹಿಡಿದರು. ಚಿಪ್ಪು ಒಳಗಿನಿಂದಲೇ ಹೊತ್ತಿಕೊಂಡಂತೆ ಕಂಡಿತು. ಅದರೊಳಗೆ ಕೆಂಪು ಎಳೆಗಳ ಬಲೆ. ಬಲೆಯ ನಡುವೆ ಕುಂಕುಮದ ಬೊಟ್ಟಿನಂಥ ಒಂದು ಚುಕ್ಕೆ, ಮಿಡಿಯುತ್ತಿತ್ತು.

ಕೆಳಗಿಳಿದು ಬಂದು, "ಚಕ್ರ ನಿಲ್ಲಲ್ಲ. ಕತ್ತರಿ ತನ್ನಿ," ಎಂದೆ.

"ಯಾರ ಮನೇಲಿ ಉರೀತಿದೆ, ಹೇಳ್ರೀ," ಎಂದರು ಅನಂತಶಯನಂ.

"ಮೀಸೆ ನಂದು, ಸೋಲೂ ನಂದು. ಆಟ ಮುಗೀತು, ಎಲ್ಲರೂ ಮನೆಗೆ ಹೋಗಿ."

ಹೋದರು. ಒಂದು ಗಳಿಗೆಯ ಉಪವಾಸವನ್ನು ಜನ್ಮದ ಉಪವಾಸವೆಂಬಂತೆ ಮುರಿದರು. ಫ್ಯಾನು, ಫ್ರಿಜ್ಜು, ಮಿಕ್ಸಿ, ಇಸ್ತ್ರಿ, ಹೀಟರು, ಎಲ್ಲ ಮನೆಗಳಲ್ಲೂ ಎಲ್ಲವೂ ಒಟ್ಟಿಗೇ. ಚಕ್ರ ಬುಗುರಿಯಾಯಿತು. ಗೂಡಿನೊಳಗೆ ಟಪ್ಪೆಂದು ನೀಲಿ ಕಿಡಿ ಹಾರಿತು. ಹಳೆಯ ಫ್ಯೂಸು ಸುಟ್ಟು, ಮೇಲಿನಿಂದ ಕೆಳಗಿನವರೆಗೆ ಕತ್ತಲು. ಚಕ್ರ ನಿಂತಿತು. ಕೆಂಪು ಗುರುತು ಗಾಜಿನ ನಟ್ಟನಡುವೆ, ಕದಲದೆ.

ಮತ್ತೆ ಇಳಿದು ಬಂದವರು ಅದನ್ನು ಕಂಡು, "ಗೆದ್ರಲ್ರೀ," ಎಂದು ನನ್ನ ಬೆನ್ನು ತಟ್ಟಿದರು. ಅಷ್ಟರಲ್ಲಿ ಬುಟ್ಟಿಯನ್ನು ಎದೆಗವಚಿಕೊಂಡು ದೇವೀರಮ್ಮ ಮೆಟ್ಟಿಲ ಮೇಲೆ ಬಂದು ನಿಂತರು. ಅವರ ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ಅದನ್ನು ಕಂಡೇ ಎಲ್ಲರೂ ಹೆದರಿದರು. ಸಂಗತಿಯನ್ನು ನಾನೇ ಹೇಳಿದೆ. ಯಾರೋ ಎಲ್ಲ ಮನೆಗಳ ಸ್ವಿಚ್ಚುಗಳನ್ನು ಆರಿಸಿ ಬಂದರು, ಇನ್ಯಾರೋ ಫ್ಯೂಸು ಕಟ್ಟುವವರನ್ನು ಕರೆತರಲು ಸೈಕಲ್ ಹತ್ತಿದರು.

"ಅಲ್ಲೀ ತನಕ?" ಎಂದರು ದೇವೀರಮ್ಮ.

ಶಕೀಲಾ ಟೀಚರು ಒಂದು ಮೊಟ್ಟೆಯನ್ನು ತೆಗೆದುಕೊಂಡು ಸೆರಗಿನೊಳಗೆ ಬೆಚ್ಚಗಿಟ್ಟುಕೊಂಡರು. ಒಬ್ಬೊಬ್ಬರಾಗಿ ಉಳಿದವರೂ ಕೈ ಚಾಚಿದರು. ಬುಟ್ಟಿ ಅನಂತಶಯನಂ ಅವರ ಮುಂದೆ ಬಂದು ನಿಂತಿತು.

"ನಮ್ಮ ಮನೆತನದಲ್ಲೇ ಮೊಟ್ಟೆ ಮುಟ್ಟಿದವರಿಲ್ಲಮ್ಮ."

"ಮೊಟ್ಟೆ ಯಾರು ಕೊಟ್ರು ಸ್ವಾಮಿ? ಒಳಗೆ ಜೀವ ಮಿಡೀತದೆ. ಮರಿ ಹಿಡ್ಕಳಿ."

ಅನಂತಶಯನಂ ಹೆಗಲ ಶಾಲನ್ನು ಮಡಿಸಿ ಕೈಮೇಲೆ ಹಾಸಿಕೊಂಡು, ತೀರ್ಥಕ್ಕೆ ಒಡ್ಡುವಂತೆ ಅಂಗೈ ಒಡ್ಡಿದರು.

ಮೆಟ್ಟಿಲ ಮೇಲೆ ಸಾಲಾಗಿ ಕೂತೆವು. ಇಸ್ತ್ರಿಗಾಗಿ ಹೊಟ್ಟೆಕಿಚ್ಚು ಪಟ್ಟಿದ್ದವರು ಭುಜಕ್ಕೆ ಭುಜ ತಗುಲಿಸಿಕೊಂಡು ಕೈಯೊಳಗಿನ ಮೊಟ್ಟೆಗಳಿಗೆ ಬಿಸಿಯುಸಿರು ಊದುತ್ತಿದ್ದರು. ನನ್ನ ಪಾಲಿನದನ್ನು ಮೀಸೆಯ ಕೆಳಗೆ ಹಿಡಿದುಕೊಂಡೆ. ಅಷ್ಟು ಬೆಚ್ಚಗಿನ ಜಾಗ ಆ ಊರಿನಲ್ಲಿ ಇನ್ನೊಂದಿರಲಿಲ್ಲ. ಊಟದ ಹೊತ್ತಿಗೆ ಕರೆಂಟು ಬಂದಾಗ ಯಾರೂ ಸ್ವಿಚ್ಚಿನ ಕಡೆ ಓಡಲಿಲ್ಲ. ಮೊದಲು ಬುಟ್ಟಿಯ ಮೇಲಿನ ಬಲ್ಬು ಹೊತ್ತಿತು.

ಅಂದಿನಿಂದ ಸಂಜೆಯಾದರೆ ಒಬ್ಬೊಬ್ಬರೇ ತಮ್ಮ ಮನೆಯದನ್ನೆಲ್ಲ ಆರಿಸಿ, 'ನನ್ನ ಮರಿ ಹೇಗಿದೆ' ಎಂದು ದೇವೀರಮ್ಮನವರಲ್ಲಿಗೆ ಬರತೊಡಗಿದರು. ಶಕೀಲಾ ಟೀಚರು ಅಲ್ಲೇ ಉತ್ತರಪತ್ರಿಕೆ ತಿದ್ದುವರು, ಇನ್ಯಾರೋ ಅವರೆಕಾಯಿ ಬಿಡಿಸುವರು, ಅನಂತಶಯನಂ ಹಳೆಯ ಪೇಪರನ್ನೇ ಮತ್ತೆ ಓದುವರು, ಎಲ್ಲ, ಈಗ ಮಂಚದ ಕೆಳಗಿಂದ ಕೋಣೆಯ ನಡುವಿಗೆ ಬಂದಿದ್ದ ಆ ಒಂದೇ ಬಲ್ಬಿನ ಬೆಳಕಿನಲ್ಲಿ. ಮುಂದಿನ ಬಿಲ್ಲು ಬಂದಾಗ ಅಧ್ಯಕ್ಷರು ಮತ್ತೆ ನೀರು ಕೇಳಿದರು, ಈ ಸಲ ಸಂತೋಷಕ್ಕೆ. ಅಷ್ಟು ಇಳಿಸಿದ್ದು ಯಾರೆಂದು ಕೇಳಿದರೆ ನಾನೇ ಎನ್ನುತ್ತೇನೆ. ಬಲ್ಬು ಎನ್ನುವವರೂ ಇದ್ದಾರೆ.

ಒಂದು ಮೊಟ್ಟೆ ಮಾತ್ರ ಒಡೆಯಲಿಲ್ಲ. ಅದನ್ನು ದೇವೀರಮ್ಮ ದಾಸವಾಳದ ಕುಂಡದಲ್ಲಿ ಹುಗಿದರು. ಉಳಿದವು ಒಂದು ಸಂಜೆ ಬಿರುಕು ಬಿಟ್ಟವು. ಮೊದಲ ಚಿಂವ್ ಕೇಳಿದಾಗ ಅವರು ತಲೆಯೆತ್ತದೆಯೇ, "ನಮ್ಮವ್ವನ ಹಿತ್ತಿಲಲ್ಲಿ ಹಿಂಗೇ ಕೇಳ್ತಿತ್ತು," ಎಂದರು.

ನಾನು ಕತ್ತಲಲ್ಲಿ ಗೋಡೆ ಸವರಿಕೊಂಡು ಮೆಟ್ಟಿಲಿಳಿದು ಬಂದೆ. ಇಡೀ ಕಟ್ಟಡದಲ್ಲಿ ಆಗ ಉರಿಯುತ್ತಿದ್ದುದು ಅದೊಂದೇ ಬಲ್ಬು. ಗಾಜಿನ ಹಿಂದೆ ಚಕ್ರ, ಕಾವು ಕೂತ ಕೋಳಿ ಕೊಕ್ಕಿನಿಂದ ಮೊಟ್ಟೆ ಹೊರಳಿಸುವಷ್ಟು ಮೆಲ್ಲಗೆ ತಿರುಗುತ್ತಿತ್ತು. ಕೆಂಪು ಗುರುತು ಆಚೆ ಬದಿಯಲ್ಲೆಲ್ಲೋ ಇತ್ತು. ಅದು ಬರಲೆಂದು ಕಾದು ನಿಂತೆ. ಬಂತು.